ಗಣಕಯಂತ್ರ ಮೌನ ಹಿಡಿದಾಗ

ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಮಾತು ಬಿಟ್ಟರೆ ಅದರ ಕಾರಣವನ್ನು ಊಹಿಸುವುದು ಅಷ್ಟೇನೂ ಕಠಿಣವಲ್ಲ. ಸಾರಿಗೆ ಉಪ್ಪು ಹೆಚ್ಚಾಗಿರಬಹುದು. ತೌರಿನವರ ವಿಷಯದಲ್ಲಿ ಯಾರೋ ಒಂದು ಮಾತು ಮಿಗಿಲಾಗಿ ಆಡಿರಬಹುದು. ಗಣಕಯಂತ್ರದ ಮುನಿಸು ಹಾಗಲ್ಲ. ಒಂದು ಕ್ಷಣದ ಹಿಂದೆ ವಿಧೇಯ ಸೇವಕನಂತಿದ್ದುದು ಮರುಕ್ಷಣ ಕಲ್ಲಾಗುತ್ತದೆ. ಮೌಸು ಒತ್ತಿದರೆ ಉತ್ತರವಿಲ್ಲ. ಕೀಲಿ ಕುಟ್ಟಿದರೆ ಸದ್ದೇ ಹೊರತು ಅಕ್ಷರವಿಲ್ಲ. ಪರದೆಗೆ ಸುಣ್ಣ ಬಳಿದಂತೆ ಒಂದು ಬಿಳಿಚು ಕವಿಯುತ್ತದೆ. ರೇಗಿ ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದರೆ ಯಂತ್ರವೇನೋ ಏಳುತ್ತದೆ. ಆದರೆ ಅದಕ್ಕೆ ಹಿಂದಿನದು ಯಾವುದೂ ನೆನಪಿಲ್ಲ. ಕಾಗದದ ಅಳತೆ ಬದಲಾಗಿದೆ, ಅಕ್ಷರದ ಜಾತಿ ಬದಲಾಗಿದೆ, ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದ ಏರ್ಪಾಡೆಲ್ಲ ಮಂಗಮಾಯ.

ಕಡೂರಿನಲ್ಲಿ, ಬೆಂಗಳೂರು–ಹೊನ್ನಾವರ ರಸ್ತೆಯ ಬದಿಯ ಒಂದು ಸಣ್ಣ ಮಳಿಗೆಯಲ್ಲಿ, ಒಬ್ಬ ಗೃಹಿಣಿ ಅಕ್ಷರಜೋಡಣೆಯ ಅಂಗಡಿ ನಡೆಸುತ್ತಿರುವರೆಂದು ಭಾವಿಸೋಣ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ತೆಂಗಿನಕಾಯಿ ಮಂಡಿಯ ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಇವೇ ಅವರ ವ್ಯಾಪಾರ. ತರೀಕೆರೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಹತ್ತು ವರ್ಷಗಳಿಂದ ಸುತ್ತಿನ ಹಳ್ಳಿಗಳ ಶಾಸನ, ಐತಿಹ್ಯ, ಹೆಂಗಸರ ಹಾಡುಗಳನ್ನು ಕೂಡಿಹಾಕಿ ಟೈಪು ಮಾಡಿಡುತ್ತಿದ್ದಾರೆ. ತರೀಕೆರೆಯಿಂದ ಬೇರ್ಪಟ್ಟು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಈರುಳ್ಳಿ ವರ್ತಕರೊಬ್ಬರು ತಮ್ಮ ಲೆಕ್ಕವನ್ನು ಕೆಂಪು ಬಟ್ಟೆಯ ಪುಸ್ತಕದಿಂದ ಯಂತ್ರಕ್ಕೆ ಏರಿಸಿದ್ದಾರೆ. ಈ ಮೂವರನ್ನು ಊರಿನಲ್ಲಿ ಹುಡುಕಲು ವಾಚಕರು ಹೊರಡಬೇಕಾಗಿಲ್ಲ. ಅವರು ನಿದರ್ಶನಕ್ಕಾಗಿ ಕಲ್ಪಿಸಿಕೊಂಡವರು. ಅವರ ಯಂತ್ರಗಳಿಗೆ ಬಂದಿರುವ ಕಾಯಿಲೆ ಮಾತ್ರ ಅಪ್ಪಟ ನಿಜ.

ವೈಶಾಖ ಮಾಸ. ಮಧ್ಯಾಹ್ನ ಮೂರು ಗಂಟೆಗೆ ಕಡೂರಿನ ಬಯಲಿನ ಮೇಲೆ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ದೀಪ ಒಮ್ಮೆ ಮಿಣುಕುತ್ತದೆ. ಅಂಗಡಿಯ ಮುಂದೆ ಹೆಣ್ಣಿನ ತಂದೆ ನಿಂತಿದ್ದಾರೆ. ಮುನ್ನೂರು ಕಾರ್ಡು ಸಂಜೆಯ ಬಸ್ಸಿಗೆ ಸಿದ್ಧವಾಗಬೇಕು.

"ಆಯ್ತೇನಮ್ಮಾ?"

"ಇನ್ನೊಂದೈದು ನಿಮಿಷ, ಯಜಮಾನ್ರೇ. ಸಿಸ್ಟಮ್ಮು ಯಾಕೋ ನಿಂತ್‌ಬಿಟ್ಟಿದೆ."

ಈ ನಿಂತುಬಿಡುವುದೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಪರದೆ ಬಿಳಿಚಿಕೊಂಡಾಗ ಪ್ರೋಗ್ರಾಮು ಸತ್ತಿತೆಂದೇ ಬಹುಮಂದಿಯ ಭಾವನೆ. ಸಾಮಾನ್ಯವಾಗಿ ಅದು ಸತ್ತಿರುವುದಿಲ್ಲ; ಯಾರಿಗಾಗಿಯೋ ಕಾಯುತ್ತಿರುತ್ತದೆ. ಬಳಕೆದಾರರು ಒತ್ತಿದ ಒಂದೊಂದು ಕೀಲಿಯೂ ಒಂದೊಂದು ಚೀಟಿಯಾಗಿ ಸರತಿಯಲ್ಲಿ ನಿಲ್ಲುತ್ತದೆ. ಪ್ರೋಗ್ರಾಮು ಆ ಚೀಟಿಗಳನ್ನು ಒಂದರ ಹಿಂದೊಂದರಂತೆ ಎತ್ತಿಕೊಳ್ಳಬೇಕು. ಐದು ಸೆಕೆಂಡು ಕಳೆದರೂ ಒಂದು ಚೀಟಿಯನ್ನೂ ಎತ್ತಿಕೊಳ್ಳದಿದ್ದರೆ ವಿಂಡೋಸ್ ವ್ಯವಸ್ಥೆಯು ಆ ಕಿಟಕಿಯ ಮೇಲೆ ಅದರದೇ ಒಂದು ಮಸುಕು ಚಿತ್ರವನ್ನು ಹೊದಿಸಿ, ತಲೆಯ ಮೇಲೆ "ಉತ್ತರಿಸುತ್ತಿಲ್ಲ" ಎಂಬರ್ಥದ ಇಂಗ್ಲಿಷ್ ಮಾತನ್ನು ಬರೆಯುತ್ತದೆ. ಅದು ಮರಣಪತ್ರವಲ್ಲ, "ಗುಮಾಸ್ತರು ಒಳಗೆ ಹೋಗಿದ್ದಾರೆ" ಎಂಬ ಫಲಕವಷ್ಟೆ.

ಗುಮಾಸ್ತರು ಒಳಗೆ ಏನು ಮಾಡುತ್ತಿದ್ದಾರೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದು ಎಲ್ಲ ಪ್ರೋಗ್ರಾಮುಗಳ ನಾಡಿಯನ್ನೂ ತೋರಿಸುತ್ತದೆ. ನಾಲ್ಕು ಸಂಸ್ಕಾರಕಗಳಿರುವ ಯಂತ್ರದಲ್ಲಿ ನಿಂತುಹೋದ ಪ್ರೋಗ್ರಾಮಿನ ಎದುರು 25 ಶೇಕಡಾ ಎಂದು ಕದಲದೆ ನಿಂತಿದ್ದರೆ, ಅದು ಒಂದು ಸಂಸ್ಕಾರಕವನ್ನು ಪೂರ್ತಿಯಾಗಿ ಹಿಡಿದುಕೊಂಡು ಗಾಣದೆತ್ತಿನಂತೆ ಸುತ್ತುತ್ತಿದೆ ಎಂದರ್ಥ. ಡಿಸ್ಕಿನ ಅಂಕಣ ಏರಿದ್ದರೆ ಓದುವುದೋ ಬರೆಯುವುದೋ ನಡೆದಿದೆ. ಆಗ ಮುಟ್ಟದೆ ಕಾದರೆ ಕ್ಷೇಮ. ಎರಡು ಅಂಕಣಗಳಲ್ಲೂ ಸೊನ್ನೆಯಿದ್ದರೆ ಅದು ಹೊರಗಿನ ಯಾವುದೋ ಉತ್ತರಕ್ಕೆ ಬಾಗಿಲು ಕಾಯುತ್ತಿದೆ.

ಕಡೂರಿನ ಅಂಗಡಿಯಲ್ಲಿ ಕಂಡದ್ದು ಎರಡು ಸೊನ್ನೆ. ಕಾದಿದ್ದುದು ಪ್ರಿಂಟರಿಗಾಗಿ. ಪುಟ ಜೋಡಿಸುವ ಹಾಗೂ ಪತ್ರ ಬರೆಯುವ ಎಷ್ಟೋ ಪ್ರೋಗ್ರಾಮುಗಳು ಮುದ್ರಿಸುವ ಮಾತೇ ಇಲ್ಲದಾಗಲೂ ಪ್ರಿಂಟರನ್ನು ವಿಚಾರಿಸುತ್ತವೆ: ಕಾಗದ ಎಷ್ಟು ಅಗಲ, ಅಂಚಿಗೆ ಎಷ್ಟು ಬಿಡಬೇಕು, ಯಾವ ಅಕ್ಷರ ಎಷ್ಟು ಜಾಗ ಹಿಡಿದೀತು ಎಂದು. ಮುಖ್ಯ ಪ್ರಿಂಟರೆಂದು ಗೊತ್ತುಮಾಡಿದ್ದು ಆರಿಹೋಗಿದ್ದರೆ, ಅಥವಾ ಪಕ್ಕದ ಕೋಣೆಯ ಯಂತ್ರದ ಮೂಲಕ ಸಿಕ್ಕುವಂಥದಾಗಿ ಆ ಯಂತ್ರ ನಿದ್ರಿಸುತ್ತಿದ್ದರೆ, ಕೇಳಿದವನು ಉತ್ತರವಿಲ್ಲದೆ ನಿಲ್ಲುತ್ತಾನೆ. ಪ್ರಿಂಟರನ್ನು ಹಚ್ಚಿದರೆ, ಇಲ್ಲವೆ ಮುಖ್ಯ ಪ್ರಿಂಟರಿನ ಸ್ಥಾನವನ್ನು ಪಿಡಿಎಫ್ ಬರೆಯುವ ಸಾಧನಕ್ಕೆ ತಾತ್ಕಾಲಿಕವಾಗಿ ಕೊಟ್ಟರೆ, ಬಹುಪಾಲು ಗುಮಾಸ್ತರು ಹೊರಗೆ ಬಂದು ಕೂರುತ್ತಾರೆ.

ಆದರೆ ಮುನ್ನೂರು ಕಾರ್ಡಿನ ಆತುರದಲ್ಲಿ ಇಷ್ಟು ಸಾವಧಾನ ಯಾರಿಗಿದ್ದೀತು? ಆಕೆ ಮುಂಭಾಗದ ಗುಂಡಿಯನ್ನು ನಾಲ್ಕು ಸೆಕೆಂಡು ಅದುಮಿ ಹಿಡಿದರು. ಯಂತ್ರ ಆರಿತು. ಮತ್ತೆ ಹಚ್ಚಿದಾಗ ಪ್ರೋಗ್ರಾಮು ಮೊದಲ ದಿನದ ಮುಖವನ್ನು ಹೊತ್ತು ಬಂತು. ಕಾರ್ಡಿನ ಅಳತೆಗಳಿಲ್ಲ, ಬಣ್ಣಗಳ ಪಟ್ಟಿಯಿಲ್ಲ, ಆಕೆ ರೂಢಿಸಿಕೊಂಡ ಕೀಲಿಗಳಿಲ್ಲ. ಎರಡನೆಯ ಸಲ ತೆರೆದಾಗ ಅಷ್ಟೂ ಇಲ್ಲ. ಹೆಸರಿನ ಫಲಕ ಮೂಡಿ ಅಲ್ಲಿಯೇ ಕಲ್ಲಾಯಿತು.

ಮೊದಲನೆಯದು ಮೌನ, ಎರಡನೆಯದು ಮರೆವು. ಎರಡಕ್ಕೂ ನಂಟುಂಟು.

ಪ್ರೋಗ್ರಾಮು ತನ್ನ ಯಜಮಾನರ ಇಷ್ಟಾನಿಷ್ಟಗಳನ್ನು ಸಣ್ಣ ಸಣ್ಣ ಕಡತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸೆಟ್ಟಿಂಗು ಎಂಬುದು ಇದೇ. ಹಳೆಯ ಕಾಲದ ಅಚ್ಚುಕೂಟವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೊಳೆ ಜೋಡಿಸುವವನ ಮುಂದೆ ಗೂಡು ಗೂಡಾದ ಮರದ ಕೇಸು ಇರುತ್ತಿತ್ತು. ಯಾವ ಗೂಡಿನಲ್ಲಿ ಯಾವ ಅಕ್ಷರವೆಂಬುದು ಅವನ ಬೆರಳಿಗೆ ಗೊತ್ತು, ಕಣ್ಣು ಬೇಕಿರಲಿಲ್ಲ. ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಗೂಡಿಗೆ ಹಿಂತಿರುಗಿಸಬೇಕು. ಆ ಕೆಲಸದ ನಡುವೆ ಯಾರಾದರೂ ಕೇಸನ್ನು ಎಡವಿದರೆ ಮರುದಿನದ ಕೆಲಸವೆಲ್ಲ ಹಾಳು. ಕೈಯಲ್ಲಿರುವ ಹಸ್ತಪ್ರತಿ ಸರಿಯಾಗಿಯೇ ಇದೆ, ಯಂತ್ರವೂ ಸರಿಯಾಗಿದೆ, ಆದರೂ ಅಚ್ಚಾಗುವುದೆಲ್ಲ ಅಸಂಬದ್ಧ.

ಗಣಕಯಂತ್ರದಲ್ಲಿ ಕೇಸನ್ನು ಎಡವುವುದು ಹೇಗೆಂದರೆ, ಅಜಾಗರೂಕತೆಯಿಂದ ರಚಿಸಿದ ಪ್ರೋಗ್ರಾಮು ತನ್ನ ಸೆಟ್ಟಿಂಗನ್ನು ಉಳಿಸುವಾಗ ಮೊದಲು ಹಳೆಯ ಕಡತವನ್ನು ಬರಿದು ಮಾಡಿಕೊಳ್ಳುತ್ತದೆ, ಆಮೇಲೆ ಹೊಸದನ್ನು ಬರೆಯುತ್ತದೆ. ಈ ಎರಡರ ನಡುವಿನ ಅವಧಿ ಕಣ್ಣೆವೆಯಷ್ಟು. ಆದರೆ ವಿದ್ಯುತ್ತು ಹೋಗುವುದಕ್ಕೂ ಬೆರಳು ಗುಂಡಿ ಒತ್ತುವುದಕ್ಕೂ ಕಣ್ಣೆವೆ ಸಾಕಾಗುತ್ತದೆ. ಹಳೆಯದು ಹೋಗಿ ಹೊಸದು ಬಾರದ ಆ ಕ್ಷಣದಲ್ಲಿ ದೀಪ ಆರಿದರೆ ಕಡತದ ಹೆಸರು ಉಳಿಯುತ್ತದೆ, ಒಳಗೆ ಸೊನ್ನೆ.

ಇದಕ್ಕಿಂತ ಕುಟಿಲವಾದ ಇನ್ನೊಂದು ದಾರಿಯೂ ಇದೆ. "ಬರೆದಾಯಿತು" ಎಂದು ಪ್ರೋಗ್ರಾಮಿಗೆ ಉತ್ತರ ಬಂದ ಮಾತ್ರಕ್ಕೆ ಅಕ್ಷರ ಡಿಸ್ಕಿಗೆ ಇಳಿದಿರುವುದಿಲ್ಲ. ಡಿಸ್ಕು ನಿಧಾನ, ಸ್ಮೃತಿ ವೇಗ. ಆದುದರಿಂದ ವ್ಯವಸ್ಥೆಯು ಬರೆದದ್ದನ್ನು ಸ್ಮೃತಿಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ಒಟ್ಟಾಗಿ ಇಳಿಸುತ್ತದೆ. ವಿಂಡೋಸ್‌ನ ಡಿಸ್ಕು ವ್ಯವಸ್ಥೆಯು ತನ್ನ ದಿನಚರಿಯೊಂದನ್ನು ಬರೆದಿಟ್ಟುಕೊಳ್ಳುವುದುಂಟು, ಆದರೆ ಆ ದಿನಚರಿ ಕಾಪಾಡುವುದು ಕಡತದ ಹೆಸರು, ಉದ್ದ, ಸ್ಥಾನಗಳನ್ನು, ಒಳಗಿನ ವಿಷಯವನ್ನಲ್ಲ. ಹೀಗಾಗಿ ಒಮ್ಮೊಮ್ಮೆ ವಿಚಿತ್ರವೊಂದು ನಡೆಯುತ್ತದೆ. ಕಡತ ಸರಿಯಾದ ಉದ್ದದ್ದೇ ಇರುತ್ತದೆ, ತೆರೆದು ನೋಡಿದರೆ ಆದಿಯಿಂದ ಅಂತ್ಯದವರೆಗೆ ಬರೀ ಶೂನ್ಯ. ಚೀಲ ಇದೆ, ಅಕ್ಕಿ ಇಲ್ಲ.

2009ರ ಆರಂಭದಲ್ಲಿ ಈ ಪ್ರಶ್ನೆ ಲಿನಕ್ಸ್ ಜಗತ್ತಿನಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿತ್ತು. ಎಕ್ಸ್‌ಟ್-4 ಎಂಬ ಹೊಸ ಡಿಸ್ಕು ವ್ಯವಸ್ಥೆಯನ್ನು ಪರೀಕ್ಷಿಸುತ್ತಿದ್ದ ಉಬುಂಟು ಬಳಕೆದಾರರಿಗೆ, ಯಂತ್ರ ಹಠಾತ್ತನೆ ನಿಂತು ಮತ್ತೆ ಎದ್ದಾಗ ಮೇಜುಪರದೆಯ ಸೆಟ್ಟಿಂಗುಗಳೆಲ್ಲ ಸೊನ್ನೆ ಉದ್ದದ ಕಡತಗಳಾಗಿ ಕಂಡುವು. ಹಿಂದಿನ ಎಕ್ಸ್‌ಟ್-3 ವ್ಯವಸ್ಥೆ ಸುಮಾರು ಐದು ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ಇಳಿಸುತ್ತಿತ್ತು. ಹೊಸದು ವೇಗಕ್ಕಾಗಿ ಅರ್ಧ ನಿಮಿಷವೋ ಅದಕ್ಕೂ ಮಿಗಿಲೋ ಕಾಯುತ್ತಿತ್ತು. ಅದರ ಪ್ರಧಾನ ರಚನಕಾರರಲ್ಲೊಬ್ಬರಾದ ಥಿಯೊಡೋರ್ ತ್ಸೊ ಅವರ ವಾದ ಇಷ್ಟು: ಪ್ರೋಗ್ರಾಮು ಬರೆಯುವವರು "ಇದನ್ನು ಈಗಲೇ ಡಿಸ್ಕಿಗೆ ಇಳಿಸು" ಎಂದು ಸ್ಪಷ್ಟವಾಗಿ ಅಪ್ಪಣೆ ಕೊಡಬೇಕು, ಕೊಡದವರು ದೂರಬಾರದು. ಕಡತ ಕಳೆದುಕೊಂಡವರಿಗೆ ಈ ನ್ಯಾಯ ರುಚಿಸಲಿಲ್ಲ. ಕೊನೆಗೆ ಅದೇ ವರ್ಷ ತ್ಸೊ ಅವರೇ ಹಳೆಯ ಕಡತದ ಸ್ಥಾನದಲ್ಲಿ ಹೊಸದು ಕೂರುವಾಗ ವಿಷಯವನ್ನು ತಡಮಾಡದೆ ಇಳಿಸುವಂತೆ ತಿದ್ದುಪಡಿ ಸೇರಿಸಿದರು. ವಾದದಲ್ಲಿ ಅವರದೇ ಸರಿಯಿದ್ದೀತು; ಆದರೂ ಸೋತು ಬಂದವರ ಕಷ್ಟವನ್ನು ನೋಡಿದ್ದು ದೊಡ್ಡತನವೆನ್ನಬೇಕು.

ಸರಿಯಾದ ವಿಧಾನ ಹೊಸದೇನೂ ಅಲ್ಲ, ನಮ್ಮ ಶಾನುಭೋಗರಿಗೆ ತಿಳಿದಿದ್ದುದೇ. ಜೀರ್ಣವಾದ ಖಾತೆಯನ್ನು ನಕಲು ಮಾಡುವಾಗ ಹೊಸ ಪುಸ್ತಕದಲ್ಲಿ ಕೊನೆಯ ಸಾಲಿನವರೆಗೆ ಬರೆದು, ಶಾಯಿ ಆರಿಸಿ, ತಾಳೆ ನೋಡಿ, ಆಮೇಲಷ್ಟೇ ಹಳೆಯದನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಹಳೆಯ ಪುಟವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆದ ಶಾನುಭೋಗರು ಎಲ್ಲಿಯಾದರೂ ಇದ್ದರೆ ಅವರ ಉದ್ಯೋಗ ಬಹುದಿನ ಉಳಿದಿರಲಾರದು. ಅಂತೆಯೇ ಒಳ್ಳೆಯ ಪ್ರೋಗ್ರಾಮು ಬೇರೊಂದು ಹೆಸರಿನ ಕಡತದಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿಸಿ, ಕಟ್ಟಕಡೆಗೆ ಹೆಸರು ಬದಲಿಸುತ್ತದೆ. ಯಾವ ಕ್ಷಣದಲ್ಲಿ ದೀಪ ಆರಿದರೂ ಹಳೆಯದಾದರೂ ಇರುತ್ತದೆ, ಹೊಸದಾದರೂ ಇರುತ್ತದೆ.

ಈಗ ಕಡೂರಿನ ಅಂಗಡಿಗೆ ಹಿಂತಿರುಗಬಹುದು. ಮೌನವೂ ಮರೆವೂ ಒಂದನ್ನೊಂದು ಸಾಕುವ ಬಗೆ ಇಲ್ಲಿದೆ. ಯಂತ್ರ ನಿಂತಿತು, ಬಲವಂತವಾಗಿ ಆರಿಸಲಾಯಿತು, ಸೆಟ್ಟಿಂಗು ಅರ್ಧ ಹರಿಯಿತು. ಮರುಸಲ ತೆರೆದಾಗ ಪ್ರೋಗ್ರಾಮು ಆ ಅರ್ಧ ಹರಿದ ಕಡತವನ್ನು ಓದಿ, ಅರ್ಥವಾಗದೆ, ಮತ್ತೆ ನಿಂತಿತು. ಮತ್ತೆ ಬಲವಂತ. ಇಂಥಲ್ಲಿ ಊರಿನ ಪರಿಣತರು ಕೊಡುವ ಸಲಹೆ ಒಂದೇ: ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಕೆಯೂ ಮಾಡಿಸಿದರು, ಒಂದು ಸಲವಲ್ಲ, ಮೂರು ಸಲ. ಫಲ ಯಥಾಪ್ರಕಾರ.

ಏಕೆಂದರೆ ಪ್ರೋಗ್ರಾಮು ಒಂದು ಕಡೆ, ಅದರ ನೆನಪು ಇನ್ನೊಂದು ಕಡೆ. ಪ್ರೋಗ್ರಾಮನ್ನು ಕಿತ್ತುಹಾಕಿದರೂ ಬಳಕೆದಾರರ ಸ್ವಂತ ಫೋಲ್ಡರಿನಲ್ಲಿ ಅಡಗಿರುವ ಸೆಟ್ಟಿಂಗು ಸಾಮಾನ್ಯವಾಗಿ ಅಲ್ಲಿಯೇ ಉಳಿಯುತ್ತದೆ. ಹೊಸದಾಗಿ ಬಂದ ಪ್ರೋಗ್ರಾಮು ಅದೇ ಕೆಟ್ಟ ಕಡತವನ್ನು ಭಕ್ತಿಯಿಂದ ಓದುತ್ತದೆ. ಮನೆ ಕೆಡವಿ ಕಟ್ಟಿದರೂ ಬಾವಿ ಹಳೆಯದೇ. ಮುನ್ನೂರು ರೂಪಾಯಿಯೋ ಐನೂರೋ ತೆತ್ತು ಇನ್‌ಸ್ಟಾಲ್ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಈ ಬಾವಿಯ ನೀರನ್ನೇ ಕುಡಿದಿದ್ದಾರೋ!

ಬಾವಿ ಇರುವ ಸ್ಥಳ ರಹಸ್ಯವೇನಲ್ಲ. ವಿಂಡೋಸ್ ಕೀಲಿಯ ಜೊತೆಗೆ ಆರ್ ಅಕ್ಷರವನ್ನು ಒತ್ತಿ, ಬರುವ ಚೌಕದಲ್ಲಿ ಆಪ್‌ಡೇಟಾ ಎಂಬ ಪದವನ್ನು ಇಂಗ್ಲಿಷಿನಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆದರೆ ಆ ಗುಪ್ತ ಫೋಲ್ಡರು ತೆರೆಯುತ್ತದೆ. ಅಲ್ಲಿ ಒಂದೊಂದು ಸಂಸ್ಥೆಯ ಹೆಸರಿನಲ್ಲಿ ಒಂದೊಂದು ಗೂಡು. ಮೊದಲು ಪ್ರೋಗ್ರಾಮು ನಿಜವಾಗಿಯೂ ಮುಚ್ಚಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಬೇಕು. ಕಿಟಕಿ ಮರೆಯಾದರೂ ಒಳಗೆ ಉಸಿರಾಡುತ್ತಿರುವುದುಂಟು. ಬಳಿಕ ಆ ಗೂಡಿನ ಹೆಸರನ್ನು ಬದಲಿಸಬೇಕು. ಅಳಿಸಕೂಡದು, ಹೆಸರು ಮಾತ್ರ ಬದಲಿಸಬೇಕು; ಹಿಂದೆ "ಹಳೆಯದು" ಎಂದು ಸೇರಿಸಿದರೂ ಸಾಕು. ಪ್ರೋಗ್ರಾಮು ತನ್ನ ಗೂಡನ್ನು ಕಾಣದೆ ಹೊಸದೊಂದನ್ನು ಕಟ್ಟಿಕೊಂಡು ಏಳುತ್ತದೆ. ಎದ್ದರೆ ರೋಗ ಸೆಟ್ಟಿಂಗಿನಲ್ಲಿತ್ತೆಂದು ಸಿದ್ಧವಾಯಿತು. ಏಳದಿದ್ದರೆ ಹಳೆಯ ಹೆಸರನ್ನು ಮರಳಿ ಕೊಟ್ಟು ಬೇರೆ ಕಾರಣವನ್ನು ಹುಡುಕಬಹುದು. ಎರಡು ವಿಧದಲ್ಲೂ ಕಳೆದುಕೊಂಡದ್ದು ಏನೂ ಇಲ್ಲ.

ಕೆಲವು ಪ್ರೋಗ್ರಾಮುಗಳಲ್ಲಿ ಇದಕ್ಕೂ ಸುಲಭವಾದ ಬಾಗಿಲುಗಳಿವೆ. ಲಿಬ್ರೆಆಫೀಸ್‌ನ ಸಹಾಯ ಪಟ್ಟಿಯಲ್ಲಿ 2017ರ 5.3ನೆಯ ಆವೃತ್ತಿಯಿಂದ ಸುರಕ್ಷಿತ ಸ್ಥಿತಿಯೊಂದಿದೆ. ಹಿಂದಿನ ಸುಸ್ಥಿತಿಯ ಪ್ರತಿಗೆ ಮರಳುವ ಅವಕಾಶವೂ ಅಲ್ಲಿಯೇ ಇದೆ. ವರ್ಡ್ ತೆರೆಯುವಾಗ ಕಂಟ್ರೋಲ್ ಕೀಲಿಯನ್ನು ಹಿಡಿದಿದ್ದರೆ ಅದೂ ಸುರಕ್ಷಿತ ಸ್ಥಿತಿಯಲ್ಲಿ ಏಳಬೇಕೇ ಎಂದು ಕೇಳುತ್ತದೆ. ಲಗ್ನಪತ್ರಿಕೆಯವರಿಗೆ ಅನಿವಾರ್ಯವಾಗಿರುವ ಕೋರೆಲ್‌ಡ್ರಾ ಏಳುವಾಗ ಎಫ್-8 ಕೀಲಿಯನ್ನೂ, ಫೋಟೋಶಾಪ್ ಏಳುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದಿದ್ದರೆ ಸೆಟ್ಟಿಂಗನ್ನು ಮೊದಲ ಸ್ಥಿತಿಗೆ ತರಬೇಕೇ ಎಂಬ ಪ್ರಶ್ನೆ ಬರುತ್ತದೆ. ಹೌದೆನ್ನುವ ಮೊದಲು ಹಳೆಯ ಗೂಡಿನ ಒಂದು ಪ್ರತಿಯನ್ನು ತೆಗೆದಿರಿಸಿಕೊಂಡಿರುವುದು ಜಾಣತನ.

ಆ ಪ್ರತಿಯೇ ಮುಂದಿನ ಸಂಶೋಧನೆಗೆ ಆಧಾರ. ಕೆಟ್ಟದ್ದು ಬಹುಶಃ ಒಂದೇ ಕಡತ, ಉಳಿದವೆಲ್ಲ ನಿರಪರಾಧಿಗಳು. ಹಳೆಯ ಗೂಡಿನ ಅರ್ಧ ಕಡತಗಳನ್ನು ಹೊಸ ಗೂಡಿಗೆ ತಂದು ಪ್ರೋಗ್ರಾಮನ್ನು ತೆರೆದು ನೋಡುವುದು. ಸರಿಯಾಗಿ ನಡೆದರೆ ದೋಷ ಉಳಿದರ್ಧದಲ್ಲಿದೆ. ಆ ಅರ್ಧದಲ್ಲಿ ಮತ್ತೆ ಅರ್ಧ. ಸಾವಿರ ಕಡತಗಳಿದ್ದರೂ ಹತ್ತು ಪರೀಕ್ಷೆಗಳಲ್ಲಿ ಕಳ್ಳ ಸಿಕ್ಕುತ್ತಾನೆ. ಫಾಂಟುಗಳಿಗೂ ಇದೇ ಪರೀಕ್ಷೆ. ಅಕ್ಷರಜೋಡಣೆಯ ಅಂಗಡಿಗಳಲ್ಲಿ ಬಂದವರೆಲ್ಲ ಪೆನ್‌ಡ್ರೈವಿನಲ್ಲಿ ತಂದ ಫಾಂಟುಗಳನ್ನು ಸೇರಿಸಿ ಸೇರಿಸಿ ಸಂಖ್ಯೆ ಸಾವಿರ ದಾಟಿರುತ್ತದೆ. ಅವುಗಳಲ್ಲಿ ಕೆಟ್ಟುಹೋದ ಒಂದು ಫಾಂಟಿದ್ದರೂ, ಅದರ ಹೆಸರು ಪಟ್ಟಿಯಲ್ಲಿ ಬಂದ ಕ್ಷಣ ಪ್ರೋಗ್ರಾಮು ಕಲ್ಲಾಗಬಹುದು.

ಅಜ್ಜಂಪುರದ ವರ್ತಕರ ಸಂಗತಿ ಹೆಚ್ಚು ಹೊತ್ತು ಹಿಡಿಯುವಂಥದಲ್ಲ. ಮಗ ರಜೆಗೆ ಬಂದು ಎರಡನೆಯ ಪರದೆಯೊಂದನ್ನು ಜೋಡಿಸಿದ್ದ. ಹೋಗುವಾಗ ಬಿಚ್ಚಿಕೊಂಡು ಹೋದ. ಮರುದಿನದಿಂದ ಲೆಕ್ಕದ ಪ್ರೋಗ್ರಾಮು ತೆರೆಯುತ್ತಲೇ ಇಲ್ಲ. ತೆರೆದೇ ಇತ್ತು. ತಾನು ಹಿಂದೆ ಎಲ್ಲಿದ್ದೆನೆಂಬ ನೆನಪಿನಂತೆ, ಈಗ ಇಲ್ಲದಿರುವ ಆ ಎರಡನೆಯ ಪರದೆಯ ಮೇಲೆ ಹೋಗಿ ಕುಳಿತಿತ್ತು. ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎಡಬಾಣವನ್ನು ಒತ್ತಿದಾಗ ನೆಂಟರ ಮನೆಯಿಂದ ಬಂದಂತೆ ಬಂದು ನಿಂತಿತು.

ತರೀಕೆರೆಯ ಮೇಷ್ಟ್ರ ಕಷ್ಟ ನಿಜವಾದ ಕಷ್ಟ. ಏರಿಯ ಮೇಲೆ ಮೇಯುವ ಕರಿ ಕುರಿಮರಿಯ ನಾಲಿಗೆತೊಡಕಿನಿಂದ ಕನ್ನಡ ಮಕ್ಕಳಿಗೆಲ್ಲ ಪರಿಚಿತವಾದ ಊರದು. ಆದರೆ ಅಂದು ಅವರ ಪರದೆಯ ಮೇಲೆ ಮೂಡಿದ್ದನ್ನು ಓದಲು ಯಾವ ನಾಲಿಗೆಯಿಂದಲೂ ಸಾಧ್ಯವಿರಲಿಲ್ಲ. ಯಂತ್ರ ನಿಂತಿತ್ತು, ಮೊಮ್ಮಗ ಸೆಟ್ಟಿಂಗನ್ನೆಲ್ಲ ಮೊದಲ ಸ್ಥಿತಿಗೆ ತಂದಿದ್ದ, ಹತ್ತು ವರ್ಷದ ಕಡತ ತೆರೆದಿತ್ತು. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡಿನ ಚಿಹ್ನೆ, ನೆತ್ತಿಯ ಮೇಲೆ ಗೆರೆ ಹೊತ್ತ ಫ್ರೆಂಚ್ ಅಕ್ಷರಗಳು, ನಡುವೆ ಜರ್ಮನಿಯ ಒಂದೆರಡು. ಹಾಡು ಹೇಳಿದ ಅಜ್ಜಿಯರಲ್ಲಿ ಬಹುಮಂದಿ ಈಗಿಲ್ಲ. ಮತ್ತೊಮ್ಮೆ ಹೋಗಿ ಕೇಳಿ ಬರೆದುಕೊಳ್ಳುವಂತಿಲ್ಲ.

"ಎಲ್ಲ ಹೋಯ್ತೇನೋ, ಮಗೂ?"

"ಇಲ್ಲ ತಾತ, ನೋಡೋಣ ಇರಿ," ಎಂದ ಮೊಮ್ಮಗನ ಧ್ವನಿಯಲ್ಲಿಯೂ ಧೈರ್ಯವಿರಲಿಲ್ಲ.

ಹೋಗಿರಲಿಲ್ಲ. ಇದನ್ನು ತಿಳಿಯಲು ಕನ್ನಡವು ಯಂತ್ರವನ್ನು ಹೊಕ್ಕ ಬಗೆಯನ್ನು ಸ್ವಲ್ಪ ನೆನೆಯಬೇಕು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ಆಸ್ಥೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕುವೆಂಪು ತಂತ್ರಾಂಶ, ಇವೆಲ್ಲ ಆ ದಾರಿಯ ಮೈಲಿಗಲ್ಲುಗಳು. ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಮನೆ ಇರಲಿಲ್ಲ. ಇದ್ದ 256 ಮನೆಗಳು ಯುರೋಪಿನ ಅಕ್ಷರಗಳವು. ಆ ಮನೆಗಳ ಬಾಗಿಲಿನ ಹೆಸರನ್ನು ಹಾಗೆಯೇ ಬಿಟ್ಟು, ಒಳಗೆ ಕನ್ನಡದ ತುಣುಕುಗಳನ್ನು ಕೂರಿಸಿದರು. ನುಡಿಯಲ್ಲಿ "ಕನ್ನಡ" ಎಂಬ ಮಾತು ಏಳು ಮನೆಗಳ ಸಂಸಾರ. ಇಂಗ್ಲಿಷಿನ ದೊಡ್ಡ ಪಿ ಎಂದರೆ ಕಕಾರದ ಒಡಲು, ಗೆರೆ ಹೊತ್ತ ಎ ಎಂದರೆ ತಲೆಕಟ್ಟು, ಪೌಂಡಿನ ಚಿಹ್ನೆ ನಕಾರದ ಒಡಲು, ಅದಕ್ಕೊಂದು ತಲೆಕಟ್ಟು, ಜರ್ಮನಿಯ ಎರಡು ಎಸ್‌ಗಳ ಅಕ್ಷರ ನಕಾರದ ಒತ್ತು, ಚಿಕ್ಕ ಕ್ಯೂ ಡಕಾರದ ಒಡಲು, ಮತ್ತೊಂದು ತಲೆಕಟ್ಟು. ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡ. ಫಾಂಟಿನ ಸೆಟ್ಟಿಂಗು ಅಳಿದ ಕ್ಷಣ ಬಾಗಿಲಿನ ಹೆಸರುಗಳೇ ಹೊರಗೆ ಕಾಣುತ್ತವೆ.

ಆದುದರಿಂದ ಮೇಷ್ಟ್ರ ಕಡತದಲ್ಲಿ ಒಂದಕ್ಷರವೂ ಕೆಟ್ಟಿಲ್ಲ. ಮೊದಲು ಮೂಲವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ತೆಗೆದು, ಪ್ರತಿಯನ್ನು ತೆರೆದು, ಬರಹವನ್ನೆಲ್ಲ ಆಯ್ದುಕೊಂಡು, ಹಿಂದೆ ಬಳಸುತ್ತಿದ್ದ ನುಡಿ ಫಾಂಟನ್ನು ಅದಕ್ಕೆ ಕೊಟ್ಟರೆ ಹಾಡುಗಳು ಹಾಡುಗಳಾಗಿಯೇ ಎದ್ದು ಬರುತ್ತವೆ. ಬರಹದ ಫಾಂಟಿನಲ್ಲಿ ಬರೆದದ್ದಕ್ಕೆ ಬರಹದ್ದನ್ನೇ ಕೊಡಬೇಕು. ಎಲ್ಲ ಫಾಂಟುಗಳೂ ಒಂದೇ ಮನೆಯಲ್ಲಿ ಒಂದೇ ತುಣುಕನ್ನು ಇರಿಸಿಲ್ಲ.

ಅಪಾಯ ಇರುವುದು ಇದಾದ ಬಳಿಕ, ಹೊಸದಾಗಿ ಟೈಪು ಮಾಡತೊಡಗಿದಾಗ. ಸೆಟ್ಟಿಂಗು ಮೊದಲ ಸ್ಥಿತಿಗೆ ಮರಳಿತೆಂದರೆ, ವರ್ಡ್ ಪ್ರೋಗ್ರಾಮು ಇಂಗ್ಲಿಷ್ ಪಂಡಿತನಾಗಿ ತಾನೇ ತಾನಾಗಿ ತಿದ್ದುವ ಅಭ್ಯಾಸವೂ ಮರಳಿತೆಂದು ಅರ್ಥ. ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡಕ್ಷರವಾಗಿಸುತ್ತದೆ. ನುಡಿಯಲ್ಲಿ ಚಿಕ್ಕ ಕ್ಯೂ ಡಕಾರವಾದರೆ ದೊಡ್ಡ ಕ್ಯೂ "ಕಿ". ವಾಕ್ಯದ ಮೊದಲಿಗೆ "ಡಬ್ಬಿ" ಎಂದು ಬರೆದವರಿಗೆ ಅದು ನೆತ್ತಿಯ ಮೇಲೊಂದು ಅನಾಥ ತಲೆಕಟ್ಟು ಹೊತ್ತ "ಕಿಬ್ಬಿ" ಆಗಿ ಕಂಡೀತು. ಮೇಷ್ಟ್ರು ತಮ್ಮ ಕಣ್ಣನ್ನೇ ದೂರಿಕೊಂಡಾರು. ಆದುದರಿಂದ ಮರುಸ್ಥಾಪನೆಯಾದೊಡನೆ ಮಾಡಬೇಕಾದ ಮೊದಲ ಕೆಲಸ, ಆಟೋಕರೆಕ್ಟ್ ಎಂಬ ಆ ಪಾಂಡಿತ್ಯದ ಗುರುತುಗಳನ್ನೆಲ್ಲ ತೆಗೆದುಹಾಕುವುದು.

ಇದಕ್ಕೆ ಶಾಶ್ವತ ಪರಿಹಾರ ಯೂನಿಕೋಡ್. ಅಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯೇ ಇದೆ. 1991ರ ಮೊದಲನೆಯ ಆವೃತ್ತಿಯಿಂದಲೂ ಇದೆ. ಅಲ್ಲಿ ಬರೆದ ಕಕಾರ ಯಾವ ಸೆಟ್ಟಿಂಗು ಹಾಳಾದರೂ ಕಕಾರವೇ. ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಸಾಧನಗಳು ನುಡಿ, ಬರಹ ಎರಡರಲ್ಲೂ ಇವೆ. ಆದರೆ ಪರಿವರ್ತನೆಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು, ಒತ್ತಿನ ಮೇಲೊತ್ತು, ಕನ್ನಡದ ನಡುವೆ ಬಂದ ಇಂಗ್ಲಿಷ್ ಪದ, ಇಸವಿಯ ಅಂಕಿ, ಇಂಥಲ್ಲಿ ಎಡವುವುದುಂಟು. ಹತ್ತು ವರ್ಷದ ಸಂಗ್ರಹವಾದರೆ ದಿನಕ್ಕೆ ಹತ್ತು ಪುಟದಂತೆ ಮೂಲದೊಡನೆ ತಾಳೆ ನೋಡುತ್ತ ಹೋಗುವುದೇ ಸರಿ. ಮೊಮ್ಮಗ ಓದಿದರೆ ತಾತ ಕೇಳಬಹುದು. ಶಾಸನದ ಪಾಠವನ್ನು ಹಿಂದೆ ತಿದ್ದುತ್ತಿದ್ದುದೂ ಹೀಗೆಯೇ.

ಇನ್ನು ಯಾವ ಸೆಟ್ಟಿಂಗೂ ಕಾರಣವಲ್ಲದ ಮೌನವೊಂದಿದೆ. ಒಂದಲ್ಲ, ಎಲ್ಲ ಪ್ರೋಗ್ರಾಮುಗಳೂ ಸರದಿಯಂತೆ ನಿಲ್ಲತೊಡಗಿ, ಪೆಟ್ಟಿಗೆಯೊಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ, ಡಿಸ್ಕು ತನ್ನ ಕೊನೆಯ ದಿನಗಳನ್ನು ಎಣಿಸುತ್ತಿದೆ. ಆಗ ಯಾವ ಪರೀಕ್ಷೆಯನ್ನೂ ದುರಸ್ತಿಯನ್ನೂ ಮಾಡಹೋಗದೆ ಮೊದಲು ಕಡತಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಬೇಕು. ದುರಸ್ತಿಯ ಓಡಾಟವೇ ಅದರ ಪ್ರಾಣ ತೆಗೆದೀತು.

ಕಡೂರಿನ ಅಂಗಡಿಯಲ್ಲಿ ಕೆಟ್ಟಿದ್ದುದು ಕೊನೆಗೆ ಒಂದೇ ಕಡತ ಎಂದಾಯಿತು. ಮಿಕ್ಕ ಅಳತೆ, ಬಣ್ಣ, ಕೀಲಿಗಳೆಲ್ಲ ಹಳೆಯ ಗೂಡಿನಿಂದ ಮರಳಿದವು. ಕಾರ್ಡುಗಳು ಸಂಜೆಯ ಬಸ್ಸಿಗಲ್ಲ, ಮರುದಿನ ಬೆಳಗಿನ ಬಸ್ಸಿಗೆ ಹೋದವು. ಆಕೆ ಅನಂತರ ಮಾಡಿದ ಖರ್ಚು ಯುಪಿಎಸ್‌ಗೆ ಒಂದು ಹೊಸ ಬ್ಯಾಟರಿ. ಹಳೆಯದಕ್ಕೆ ನಾಲ್ಕು ವರ್ಷವಾಗಿತ್ತು. ಕರೆಂಟು ಹೋದರೆ ಕೂಗುತ್ತಿತ್ತೇ ಹೊರತು ಯಂತ್ರವನ್ನು ಹಿಡಿದು ನಿಲ್ಲಿಸುವ ಶಕ್ತಿ ಅದರಲ್ಲಿ ಉಳಿದಿರಲಿಲ್ಲ. ಅದರ ಜೊತೆಗೆ ಪ್ರತಿ ಶನಿವಾರ ಅಂಗಡಿ ಮುಚ್ಚುವ ಮುನ್ನ ಸೆಟ್ಟಿಂಗಿನ ಗೂಡನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಆ ದಿನದ ತಾರೀಖನ್ನೇ ಅದಕ್ಕೆ ಹೆಸರಾಗಿ ಕೊಡತೊಡಗಿದರು. ನಾಲ್ಕು ಶನಿವಾರಗಳದ್ದನ್ನು ಇಟ್ಟುಕೊಂಡು ಐದನೆಯ ಹಳೆಯದನ್ನು ಅಳಿಸುತ್ತಾರೆ. ಇಡೀ ಗೂಡು ಒಂದು ಮದುವೆಯ ಫೋಟೋದಷ್ಟೂ ಜಾಗ ಹಿಡಿಯುವುದಿಲ್ಲ.